ತೊಟ್ಟಿಯ ಮೀನು, ಕೆರೆಯ ಕೊಕ್ಕರೆ

ನಮ್ಮ ಮನೆ ವರ್ತೂರಿನ ಹತ್ತಿರ. ಕೊಳವೆಬಾವಿ ಬತ್ತಿದ ಮೇಲೆ ಹಿತ್ತಲಿನ ಸಿಮೆಂಟು ತೊಟ್ಟಿ ಖಾಲಿ ಬಿದ್ದಿತ್ತು. ಮಳೆನೀರು ತುಂಬಿಸಿ ಹತ್ತು ಬಣ್ಣದ ಮೀನು ಬಿಟ್ಟೆ. ಒಂದು ಬೆಳಿಗ್ಗೆ ಎಣಿಸಿದರೆ ಏಳು, ಮರುದಿನ ಐದು. ಕಟ್ಟೆಯ ಮೇಲೆ ಮಣ್ಣುಬಣ್ಣದ ಕೊಕ್ಕರೆಯೊಂದು ಅಲುಗದೆ ನಿಂತಿತ್ತು.

“ಒಂದು ಬಲೆ ಹೊದಿಸಿಬಿಡಿ ಮಿಸ್” ಎಂದರು ಪಕ್ಕದ ಮನೆಯಾಕೆ. ತೆಳು ನೈಲಾನ್ ಬಲೆ ತಂದು ಸಡಿಲವಾಗಿ ಹರವಿದೆ. ಮೂರನೆಯ ದಿನ ಶಾಲೆಯಿಂದ ಬಂದಾಗ ಕೊಕ್ಕರೆ ಅದರಲ್ಲಿ ಸಿಕ್ಕಿಕೊಂಡಿತ್ತು. ಒದ್ದಾಡಿದಷ್ಟೂ ದಾರ ಬಿಗಿಯುತ್ತಿತ್ತು. ಟವೆಲ್ ಮುಚ್ಚಿ, ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿ ಬಿಡಿಸಿದೆ. ಹಾರಿಹೋಯಿತು, ಆದರೆ ಒಂದು ಕಾಲು ಜೋತಾಡುತ್ತಿತ್ತು.

ಅಂದು ನಿದ್ದೆ ಹತ್ತಲಿಲ್ಲ. ಪಂಚತಂತ್ರದ ಕಪಟಿ ಕೊಕ್ಕರೆಯ ಕಥೆಯನ್ನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದೇನೆ. ಕೆರೆ ಬತ್ತಲಿದೆ ಎಂದು ಅದು ಮೀನುಗಳಿಗೆ ಸುಳ್ಳು ಹೇಳುತ್ತದೆ. ನಮ್ಮ ಸೀಮೆಯಲ್ಲಿ ಕೆರೆ ಕೆಡಿಸಿ ಆ ಸುಳ್ಳನ್ನು ನಿಜ ಮಾಡಿದವರು ನಾವು. 2015ರಲ್ಲಿ ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿತು. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿಯೇ ಹತ್ತಿತು. ಆ ನೊರೆಯಲ್ಲಿ ನನ್ನ ಮನೆಯ ಸೋಪಿನ ನೀರೂ ಇತ್ತು. ಕೆರೆ ಕಳೆದುಕೊಂಡ ಹಕ್ಕಿ ತೊಟ್ಟಿಗೆ ಬಂದರೆ ಕಳ್ಳ ಎನ್ನಲು ನನಗೆ ಬಾಯೆಲ್ಲಿದೆ?

ಹಾಗೆಂದು ಮೀನನ್ನು ಅದಕ್ಕೆ ಒಪ್ಪಿಸಿಬಿಡಲೆ? ಕೆರೆಯ ಮೀನಿಗೆ ಆಳವಿದೆ, ಜೊಂಡಿನ ಮರೆಯಿದೆ. ಮೊಣಕಾಲುದ್ದದ ತಿಳಿನೀರಿಗೆ ತಂದುಹಾಕಿ ಕೊಕ್ಕರೆಗೆ ಎಲೆ ಹಾಕಿ ಬಡಿಸಿದವಳು ನಾನು. ಅದರ ಜೀವದ ಹೊಣೆಯೂ ನನ್ನದೇ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರು ಊರ ಮರಗಳಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಅಷ್ಟು ದೊಡ್ಡ ಮನಸ್ಸು ನನ್ನದಲ್ಲ. ನನಗೆ ತಿಳಿದದ್ದು ಇಷ್ಟೆ: ಬಾಗಿಲು ಹಾಕಿಕೊಳ್ಳುವುದು ಬೇರೆ, ಬಾಗಿಲಲ್ಲಿ ಉರುಲು ಒಡ್ಡುವುದು ಬೇರೆ. ಮೊದಲನೆಯದಕ್ಕೆ ಸ್ವಲ್ಪ ಶ್ರಮ ಬೇಕು. ಆ ಶ್ರಮ ಉಳಿಸಲು ಹೋಗಿಯೇ ನಾವು ಎರಡನೆಯದನ್ನು ಮಾಡುತ್ತೇವೆ.

ಮರದ ಚೌಕಟ್ಟಿಗೆ ದಪ್ಪ ದಾರದ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿ, ನೀರಿಗಿಂತ ಗೇಣು ಮೇಲೆ ಇಟ್ಟೆ. ತಳಕ್ಕೆ ಒಡೆದ ಮಡಕೆಗಳನ್ನು ಇಳಿಬಿಟ್ಟೆ. ಮೀನು ಈಗ ಅಲ್ಲಿ ಅಡಗುತ್ತವೆ.

ಕೆಲವು ಬೆಳಿಗ್ಗೆ ಕಾಂಪೌಂಡಿನ ಮೇಲೆ ಕೊಕ್ಕರೆಯೊಂದು ಒಂಟಿಕಾಲಿನಲ್ಲಿ ನಿಂತಿರುತ್ತದೆ. ಕೊಕ್ಕರೆಗಳು ನಿಲ್ಲುವುದೇ ಹಾಗೆ. ಆದರೂ ಕೈಲಿದ್ದ ಕಾಫಿ ಆರುವವರೆಗೆ ಕಾಯುತ್ತೇನೆ, ಇನ್ನೊಂದು ಕಾಲು ಕೆಳಗಿಳಿಸುತ್ತದೆಯೇ ಎಂದು.