ಬೇಡಿಕೆಯೂ ಸಮರ್ಪಣೆಯೂ: ಕ್ರೈಸ್ತ ಜೀವನದಲ್ಲಿ ದೇವಚಿತ್ತ

ಕ್ರೈಸ್ತ ಚಿಂತನೆಯಲ್ಲಿ ಸಮರ್ಪಣೆ ಎಂದರೆ ಮನುಷ್ಯನು ತನ್ನ ಇಚ್ಛೆಯನ್ನು ತಿಳಿದು ತಿಳಿದೇ ದೇವರ ಚಿತ್ತಕ್ಕೆ ಒಪ್ಪಿಸುವುದು. ಭರವಸೆ ಎಂದರೆ ಹಾಗೆ ಒಪ್ಪಿಸಿದ ಬದುಕು ಪ್ರೀತಿಸುವ ತಂದೆಯ ಕೈ ಸೇರಿದೆ ಎಂಬ ನೆಚ್ಚಿಕೆ. ಭರವಸೆ ಜಾರಿಹೋದಲ್ಲಿ ಸಮರ್ಪಣೆಯು ಹಣೆಬರಹಕ್ಕೆ ತಲೆಬಾಗುವುದಾಗಿ ಉಳಿಯುತ್ತದೆ. ಸಮರ್ಪಣೆಯನ್ನೂ ಹಣೆಬರಹಕ್ಕೆ ತಲೆಬಾಗುವುದನ್ನೂ ಒಂದೆಂದು ತಿಳಿದುದರಿಂದ ಆಗಿರುವ ಹಾನಿ ಸಣ್ಣದಲ್ಲ. ಶರಣಾಗತಿಯ ವಿಚಾರವಂತೂ ಕನ್ನಡಿಗರಿಗೆ ಹೊಸದಲ್ಲ. ಮೇಲುಕೋಟೆಯನ್ನು ಪುಣ್ಯಕ್ಷೇತ್ರವಾಗಿ ಕಾಣುವ ಶ್ರೀವೈಷ್ಣವ ಪರಂಪರೆಯಲ್ಲಿ, ತಾಯಿಯನ್ನು ಅವುಚಿಕೊಳ್ಳುವ ಕೋತಿಮರಿಯಂತೆ ಭಕ್ತನ ಪ್ರಯತ್ನವೂ ಬೇಕೋ, ತಾಯಿಯೇ ಕಚ್ಚಿಕೊಂಡು ಒಯ್ಯುವ ಬೆಕ್ಕಿನಮರಿಯಂತೆ ಸುಮ್ಮನಿದ್ದರೆ ಸಾಕೋ ಎಂಬ ಚರ್ಚೆ ಶತಮಾನಗಳಿಂದ ನಡೆದಿದೆ. ಜರ್ಮನಿಯ ದೇವಶಾಸ್ತ್ರಜ್ಞ ರುಡಾಲ್ಫ್ ಒಟ್ಟೊ 1930ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಭಾರತದ ಈ ಕೃಪಾತತ್ತ್ವವನ್ನು ಕ್ರೈಸ್ತ ಕೃಪಾತತ್ತ್ವದೊಡನೆ ಹೋಲಿಸಿ, ಆದರದಿಂದ ವಿವೇಚಿಸಿದ್ದಾರೆ.

ಆದರೆ ಕ್ರೈಸ್ತನಿಗೆ ಈ ಪ್ರಶ್ನೆಯ ಉತ್ತರ ಸಿದ್ಧಾಂತಕ್ಕಿಂತ ಮೊದಲು ಒಂದು ರಾತ್ರಿಯ ಪ್ರಾರ್ಥನೆಯಲ್ಲಿ ದೊರೆಯುತ್ತದೆ. ಜೆರುಸಲೇಮಿನ ಹೊರಗೆ, ಎಣ್ಣೆ ಮರಗಳ ಗುಡ್ಡದ ಬಳಿಯ ಗೆತ್ಸೆಮನೆಯಲ್ಲಿ, ಬಂಧನಕ್ಕೆ ಮುಂಚೆ ಯೇಸು ನೆಲಕ್ಕೆ ಬಿದ್ದು ಪ್ರಾರ್ಥಿಸಿದುದನ್ನು ಮಾರ್ಕನ ಸುವಾರ್ತೆಯ 14ನೆಯ ಅಧ್ಯಾಯ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಅಲ್ಲಿ ಆತನು ಮೊದಲು ದೇವರನ್ನು 'ಅಪ್ಪಾ' ಎಂದು ಕರೆಯುತ್ತಾನೆ. ಬಳಿಕ ಬರಲಿರುವ ಸಂಕಟದ ಪಾತ್ರೆಯನ್ನು ತೊಲಗಿಸಬೇಕೆಂದು ಬೇಡುತ್ತಾನೆ. ಅನಂತರವೇ ತಂದೆಯ ಚಿತ್ತ ನಡೆಯಲೆಂದು ಒಪ್ಪುತ್ತಾನೆ. ಒಮ್ಮೆ ಹೇಳಿ ಮುಗಿಸಿದ ಪ್ರಾರ್ಥನೆಯೂ ಅದಲ್ಲ. ನಿದ್ದೆಹೋದ ಶಿಷ್ಯರ ಬಳಿಗೆ ನಡುನಡುವೆ ಬಂದು ನೋಡಿ, ಮತ್ತೆ ಹೋಗಿ ಅದೇ ಮಾತನ್ನು ಹೇಳಿದನೆಂದು ಸುವಾರ್ತೆ ತಿಳಿಸುತ್ತದೆ. ದೇವಪುತ್ರನೆಂದು ಸಭೆಯು ಆರಾಧಿಸುವ ಆತನೇ ನೋವು ಬೇಡವೆಂದು ಕೇಳಿಕೊಂಡಿರುವಾಗ, ರೋಗಿಯೊಬ್ಬನು ಗುಣವಾಗಲೆಂದು ಅತ್ತು ಬೇಡುವುದನ್ನು ಅವಿಶ್ವಾಸವೆನ್ನಲು ಯಾವ ಬೋಧಕನಿಗೂ ಅಧಿಕಾರವಿಲ್ಲ.

ಶಿಲುಬೆಯ ಮೇಲಿನ ಮಾತುಗಳಲ್ಲಿಯೂ ಇದೇ ಕಾಣುತ್ತದೆ. ಮಾರ್ಕ ಮತ್ತು ಮತ್ತಾಯರು ದಾಖಲಿಸಿದ, ಕೈಬಿಡಲ್ಪಟ್ಟವನ ಕೂಗು 22ನೆಯ ಕೀರ್ತನೆಯದು. ಲೂಕನು ದಾಖಲಿಸಿದ, ಆತ್ಮವನ್ನು ತಂದೆಯ ಕೈಗೆ ಒಪ್ಪಿಸುವ ಮಾತು 31ನೆಯ ಕೀರ್ತನೆಯದು. ಒಟ್ಟು 150 ಕೀರ್ತನೆಗಳಲ್ಲಿ ಪ್ರಲಾಪದವು, ಅಂದರೆ ದೇವರೆದುರು ದುಃಖವನ್ನೂ ದೂರನ್ನೂ ತೋಡಿಕೊಳ್ಳುವಂಥವು, ಬಹಳವಾಗಿದ್ದು, ಹೆಚ್ಚಿನವು ದೂರಿನಿಂದ ತೊಡಗಿ ಭರವಸೆಯಲ್ಲಿ ನಿಲ್ಲುತ್ತವೆ. ದೂರುವವನು ಕೇಳುವವನಿದ್ದಾನೆಂದು ನಂಬಿರುವುದರಿಂದಲೇ ದೂರುತ್ತಾನೆ.

ಸಮರ್ಪಣೆಯ ಹೆಸರಿನಲ್ಲಿ ಅನ್ಯಾಯಕ್ಕೆ ಮಣಿಯಬೇಕೇ ಎಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದ ಜರ್ಮನಿಯಲ್ಲಿ ತೀವ್ರವಾಗಿ ಎದ್ದಿತು. ಆಳುವವರಿಗೆ ಅಧೀನರಾಗಿರಬೇಕೆಂಬ ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯದ ಬೋಧನೆಯನ್ನು ನಾಜಿ ಆಡಳಿತದ ಪರವಾಗಿ ಬಳಸಿದ ಕ್ರೈಸ್ತರು ಅಲ್ಲಿದ್ದರು. ಅವರಿಗೆದುರಾಗಿ ನಿಂತ ಕ್ರೈಸ್ತರ 1934ರ ಬಾರ್ಮೆನ್ ಘೋಷಣೆಯು ಸಭೆಗೆ ಕ್ರಿಸ್ತನೊಬ್ಬನೇ ಒಡೆಯನೆಂದು ಸಾರಿತು. ಆ ಪಕ್ಷದ ಯುವ ದೇವಶಾಸ್ತ್ರಜ್ಞ ಡೀಟ್ರಿಖ್ ಬೊನ್‌ಹೋಫರ್ ಶಿಷ್ಯತ್ವವನ್ನು ಕುರಿತ 1937ರ ಗ್ರಂಥದಲ್ಲಿ, ವಿಧೇಯತೆಯನ್ನು ಕೇಳದ ಕೃಪೆಯನ್ನು ಅಗ್ಗದ ಕೃಪೆಯೆಂದು ಖಂಡಿಸಿದರು. 1939ರಲ್ಲಿ ನ್ಯೂಯಾರ್ಕ್ ತಲುಪಿ ಸುರಕ್ಷಿತರಾಗಿದ್ದವರು ಕೆಲವೇ ವಾರಗಳಲ್ಲಿ ತಾಯ್ನಾಡಿಗೆ ಮರಳಿದರು. ಹಿಟ್ಲರನ ವಿರುದ್ಧದ ಗುಪ್ತ ಪ್ರತಿರೋಧದಲ್ಲಿ ಸೇರಿ, 1943ರ ಏಪ್ರಿಲ್‌ನಲ್ಲಿ ಬಂಧಿತರಾದರು. ಎಲ್ಲಿಯವರೆಗೆ ಪ್ರತಿರೋಧಿಸಬೇಕು, ಎಲ್ಲಿಂದ ಮುಂದೆ ಒಪ್ಪಿಸಿಕೊಳ್ಳಬೇಕು ಎಂಬ ಗೆರೆಯನ್ನು ತತ್ತ್ವವಾಗಿ ಮೊದಲೇ ಎಳೆದಿಡಲಾಗದು, ಎರಡನ್ನೂ ದೃಢವಾಗಿ ಮಾಡಬೇಕು ಎಂಬುದು 1944ರ ಫೆಬ್ರುವರಿಯಲ್ಲಿ ಸೆರೆಮನೆಯಿಂದ ಬರೆದ ಪತ್ರವೊಂದರ ಸಾರ. ಅವರನ್ನು 1945ರ ಏಪ್ರಿಲ್ 9ರಂದು ಫ್ಲೊಸೆನ್‌ಬುರ್ಗ್ ಯಾತನಾಶಿಬಿರದಲ್ಲಿ ಗಲ್ಲಿಗೇರಿಸಲಾಯಿತು.

ಅದಕ್ಕೆ ನಾಲ್ಕು ತಿಂಗಳಷ್ಟು ಮುಂಚೆ, ಬರ್ಲಿನ್ನಿನ ಗೆಸ್ಟಾಪೊ ನೆಲಮನೆಯ ಸೆರೆಯಿಂದ ತಾವು ಮದುವೆಯಾಗಬೇಕಿದ್ದ ಹುಡುಗಿಗೆ ಕಳುಹಿಸಿದ ಹೊಸವರ್ಷದ ಕವಿತೆಯನ್ನು ಜರ್ಮನ್ ಚರ್ಚುಗಳಲ್ಲಿ ಇಂದಿಗೂ ಹಾಡುತ್ತಾರೆ. ಅದರ ಒಂದು ಚರಣದಲ್ಲಿ, ದೇವರು ಕಹಿಯ ಪಾತ್ರೆಯನ್ನು ಕೊಟ್ಟರೆ ನಡುಗದೆ ಸ್ವೀಕರಿಸುವ ಸಂಕಲ್ಪವಿದೆ. ಮರುಚರಣವು ಈ ಲೋಕದ ಸಂತೋಷ ಮತ್ತೊಮ್ಮೆ ದೊರೆಯುವುದಾದರೆ ಎಂಬ ಆಸೆಯನ್ನೂ ಅಷ್ಟೇ ಬಿಚ್ಚುಮನಸ್ಸಿನಿಂದ ದೇವರ ಮುಂದಿಡುತ್ತದೆ.