ನ್ಯಾಯ ಮೊದಲೋ, ನೆಮ್ಮದಿ ಮೊದಲೋ?

ಶಾಂತಿ ಬೇಕೆನ್ನುವವರು ನ್ಯಾಯಕ್ಕಾಗಿ ದುಡಿಯಬೇಕೆಂದು ಜಗದ್ಗುರು ಆರನೇ ಪೌಲರು 1972ರ ವಿಶ್ವಶಾಂತಿ ದಿನಕ್ಕೆ ಕರೆಯಿತ್ತರು. ಅದನ್ನು ಅಲ್ಲಗಳೆಯುವ ಕ್ರೈಸ್ತನಿಲ್ಲ. ಆದರೆ ಪ್ರಿಯ ಓದುಗರೇ, ಪೂರ್ತಿ ನ್ಯಾಯ ಸಿಗುವ ತನಕ ನೆರೆಯವರೊಡನೆ ನಾವು ಬಾಳುವುದು ಹೇಗೆ? ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರಗಳ ಕಾಲುವೆ ಏರಿಯ ಮೇಲೆ ಒಂದಿಷ್ಟು ದೂರ ನಡೆದರೆ ಸಾಕು.

ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಅದರ ಎಡದಂಡೆ ಕಾಲುವೆ ಈ ಬರದ ನಾಡಿಗೆ ನೀರು ತಂದಿತು. ಯೋಜನೆ ಹಾಕಿದವರ ಲೆಕ್ಕದಲ್ಲಿ ಅದು ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆಗಳೆದ್ದವು. ಭತ್ತ ಕುಡಿದು ಮಿಕ್ಕ ನೀರು ಕೊನೆ ಭಾಗದ ಹೊಲ ಮುಟ್ಟುವುದು ಕಷ್ಟವಾಯಿತು. ನೀರು ಕಾಣದ ಹಳ್ಳಿಗಳಿಂದ ಮಂದಿ ಇಂದಿಗೂ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗುತ್ತಾರೆ.

ಕಟ್ಟುನಿಟ್ಟಿನ ನ್ಯಾಯ ಕೇಳಿದರೆ ತೀರ್ಪು ಸುಲಭ: ನಿಯಮ ಮೀರಿದ ಭತ್ತ ನಿಲ್ಲಲಿ! ಆದರೆ ಮೇಲಿನ ಹೊಲದವನೂ ಸಾಲ ಮಾಡಿ ನೆಲ ಮಟ್ಟ ಮಾಡಿಸಿದ್ದಾನೆ, ಮಗಳ ಮದುವೆಗೆ ಅದೇ ಬೆಳೆಯನ್ನು ನೆಚ್ಚಿದ್ದಾನೆ. ಅವನ ಗದ್ದೆಯಲ್ಲಿ ನಾಟಿ ಮಾಡುವ ಕೂಲಿ ಹೆಣ್ಣುಮಗಳು ಕೊನೆ ಭಾಗದ ಊರಿನವಳೇ ಆಗಿರಬಹುದು. ಹೀಗಾಗಿ ಹಂಗಾಮಿಗೊಮ್ಮೆ ನೀರಾವರಿ ಸಲಹಾ ಸಮಿತಿ ಸೇರಿ, ಇಂತಿಷ್ಟು ದಿನ ಚಾಲು, ಇಂತಿಷ್ಟು ದಿನ ಬಂದ್ ಎಂದು ಸರದಿ ಗೊತ್ತುಮಾಡುತ್ತದೆ. ಇದು ನ್ಯಾಯವೇ? ಪೂರ್ತಿ ಅಲ್ಲ. ಆದರೆ ರಾತ್ರಿ ತೂಬಿನ ಬಳಿ ಬಡಿಗೆ ಹಿಡಿದು ಕಾಯುವುದನ್ನಂತೂ ತಪ್ಪಿಸುತ್ತದೆ. ಅಣ್ಣತಮ್ಮಂದಿರು ಪಾಲು ಹಂಚಿಕೊಳ್ಳುವಾಗ ಹಿರಿಯರು ಮಾಡುವುದೂ ಇದನ್ನೇ ಅಲ್ಲವೇ?

ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಬರೆದ ಹೆಸರಾಂತ ಗ್ರಂಥದಲ್ಲಿ ನ್ಯಾಯಕ್ಕೇ ಮೊದಲ ಮಣೆ ಹಾಕಿದರು. ತಾನು ಬಡವನೋ ಸಿರಿವಂತನೋ ಎಂಬುದನ್ನೇ ಅರಿಯದೆ ಕುಳಿತು ನಿಯಮ ಮಾಡಿದರೆ ಅವು ನ್ಯಾಯವಾಗಿರುತ್ತವೆ ಎಂದು ವಾದಿಸಿದರು. ಸೊಗಸಾದ ವಿಚಾರ! ಆದರೆ ತನ್ನ ಹೊಲ ಕಾಲುವೆಯ ಯಾವ ತುದಿಗಿದೆ ಎಂಬುದು ನಮ್ಮ ರೈತನಿಗೆ ಚೆನ್ನಾಗಿ ಗೊತ್ತು. ಇಂಗ್ಲೆಂಡಿನ ಬರ್ನಾರ್ಡ್ ವಿಲಿಯಮ್ಸ್ ಬೇರೆ ದಾರಿ ಹಿಡಿದರು. ಸುವ್ಯವಸ್ಥೆ, ಜೀವರಕ್ಷಣೆ, ಪರಸ್ಪರ ನಂಬಿಕೆ, ಕೂಡಿ ಬಾಳಲು ಬೇಕಾದ ಅನುಕೂಲ, ಇವೇ ರಾಜಕೀಯದ ಮೊದಲ ಪ್ರಶ್ನೆಗಳು, ಉಳಿದದ್ದೆಲ್ಲ ಅವುಗಳ ಮೇಲೆ ನಿಲ್ಲಬೇಕು ಎಂದರು.

ನಮಗಿದು ಹೊಸ ಮಾತಲ್ಲ. ನಿಜವಾದ ನ್ಯಾಯ ದೇವರ ನಗರದಲ್ಲಿ ಮಾತ್ರ ಎಂದು ಬೋಧಿಸಿದ ಸಂತ ಅಗಸ್ಟೀನರೇ, ಈ ಲೋಕದ ಕುಂದುಳ್ಳ ಶಾಂತಿಯನ್ನೂ ವಿಶ್ವಾಸಿಗಳು ಬಳಸಿಕೊಳ್ಳುತ್ತಾರೆ, ಅದನ್ನು ಕಡೆಗಣಿಸುವುದಿಲ್ಲ ಎಂದು ತಿಳಿಸಿದರು. ಬಾಬಿಲೋನಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಹೇಳಿದ್ದು ಆ ನಗರದ ಕ್ಷೇಮಕ್ಕಾಗಿ ಪ್ರಾರ್ಥಿಸಲು. ಬಾಬಿಲೋನ್ ನ್ಯಾಯವಂತ ನಗರವೇನಾಗಿರಲಿಲ್ಲ! ನ್ಯಾಯಾಲಯದ ದಾರಿಯಲ್ಲಿರುವಾಗಲೇ ಎದುರಾಳಿಯೊಡನೆ ರಾಜಿಯಾಗು ಎಂದವರು ಸ್ವತಃ ಯೇಸುಸ್ವಾಮಿ.

ಹಾಗಾದರೆ ಬಲವಂತನ ಮುಂದೆ ಕೈಕಟ್ಟಿ ಕೂರಬೇಕೇ? ರಾಜಿಯ ಬೆಲೆ ತೆರುವವನು ಯಾವಾಗಲೂ ಬಡವನೇ ಅಲ್ಲವೇ? ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಸುರಪುರದ ಚರಿತ್ರೆಯನ್ನೇ ನೋಡಿ. 1858ರಲ್ಲಿ ಇಂಗ್ಲಿಷರ ಸೇನೆ ಸುರಪುರವನ್ನು ವಶಮಾಡಿಕೊಂಡಿತು. ಸೆರೆಸಿಕ್ಕ ತರುಣ ರಾಜ ವೆಂಕಟಪ್ಪ ನಾಯಕ ಅದೇ ವರ್ಷ ಗುಂಡೇಟಿನಿಂದ ಸತ್ತ. 1860ರಲ್ಲಿ ಸಂಸ್ಥಾನ ನಿಜಾಮರ ಪಾಲಾಯಿತು. ಗಲಭೆ ಅಡಗಿತು, ನಿಜ. ಆದರೆ ಒಪ್ಪಂದ ಮಾಡಿಕೊಂಡವರು ಇಂಗ್ಲಿಷರು ಮತ್ತು ನಿಜಾಮರು, ಸುರಪುರದ ಪ್ರಜೆಗಳಲ್ಲ. ಇದನ್ನು ವಿಲಿಯಮ್ಸರೂ ಸುವ್ಯವಸ್ಥೆಯೆಂದು ಒಪ್ಪುತ್ತಿರಲಿಲ್ಲ. ಆಳುವವನು ಆಳಿಸಿಕೊಳ್ಳುವವನಿಗೆ ಒಪ್ಪಬಹುದಾದ ಕಾರಣ ಕೊಡಬೇಕು, ಬರೀ ಬಲ ಕಾರಣವಲ್ಲ ಎಂಬುದು ಅವರ ಷರತ್ತು.

ಆ ಷರತ್ತನ್ನು ಕಾಲುವೆಗೆ ಹಚ್ಚಿ ನೋಡೋಣ. ಕಡಿಮೆ ನೀರು ಸಿಕ್ಕ ಕೊನೆ ಭಾಗದವನು, ನನಗೆ ಯಾಕೆ ಕಡಿಮೆ ಬಂತೆಂದು ನನ್ನ ಎದುರಿಗೇ ಹೇಳಿದರು, ಮುಂದಿನ ಸರದಿಯಲ್ಲಿ ನೀರು ನನ್ನ ತೂಬಿಗೆ ಬಂದೇ ಬರುತ್ತದೆ ಎನ್ನುವಂತಿರಬೇಕು. ಆಗ ಅದು ಅರೆನ್ಯಾಯವಾದರೂ ಒಪ್ಪತಕ್ಕದ್ದು ಎಂಬುದು ನನ್ನ ಅಭಿಪ್ರಾಯ. ಅವನನ್ನು ಕೇಳದೆಯೇ ತೀರ್ಮಾನವಾದರೆ ಅದು ರಾಜಿಯಲ್ಲ, ಸೋಲು.

ಈ ಮೂರು ಊರುಗಳ ಸುತ್ತ ಕ್ರೈಸ್ತರು ಬೆರಳೆಣಿಕೆಯವರು. ರಾಜಕೀಯ ಹೊಲಸು ಎಂದು ದೂರ ನಿಲ್ಲುವುದು ಸುಲಭ. ನ್ಯಾಯದ ಮೇಲೆ ಭಾಷಣ ಬಿಗಿಯುವುದು ಇನ್ನೂ ಸುಲಭ. ಬಲಿಪೂಜೆ ಮುಗಿಸಿ ಹೊರಬಂದಾಗ ಪಕ್ಕದವರನ್ನೊಮ್ಮೆ ಕೇಳಿ: ಕಾಲುವೆ ನೀರಿನ ಮಾತುಕತೆಗೆ ನಮ್ಮೂರಿನ ಕೊನೆ ಹೊಲದವನನ್ನು ಈ ಸಲ ಯಾರಾದರೂ ಕರೆದರೇ?