ಒಲವೋ, ಒಡೆತನವೋ?

ಮಳೆಗಾಲದ ಹೊಸ್ತಿಲಲ್ಲಿ ಮಲೆನಾಡಿನ ಮರಗಳಿಂದ ಜಡೆಯಂತೆ ಇಳಿಬಿದ್ದು ಅರಳುವ ಸೀತಾಳೆ ದಂಡೆ ಎಂಬ ಆರ್ಕಿಡ್ ಕಂಡಾಗ, ಅದು ಮನೆಯಲ್ಲೂ ಇರಬೇಕೆಂದು ನಮಗೆ ಅನಿಸುತ್ತದೆ. ಆಸೆ ಸಹಜ. ಆದರೆ ಮೆಚ್ಚುಗೆಯು ಕಿತ್ತು ತರುವ ಹಕ್ಕನ್ನು ಕೊಡುತ್ತದೆಯೇ?

ಈ ಗಿಡ ಮರದ ಮೇಲೆ ಬೆಳೆದರೂ ಮರದ ರಸ ಹೀರುವುದಿಲ್ಲ. ಅದರ ದಪ್ಪ ಬೇರುಗಳು ಮಳೆ, ಮಂಜಿನ ನೀರನ್ನೇ ನಂಬಿವೆ. ಕುಂಡದ ಮಣ್ಣಿನಲ್ಲಿ ನೆಟ್ಟು ದಿನವೂ ನೀರು ಸುರಿದರೆ ಬೇರು ಕೊಳೆಯುತ್ತದೆ. ಮರದ ತುಂಡಿಗೆ ಕಟ್ಟಿ, ಎಳೆಬಿಸಿಲು ಮತ್ತು ಗಾಳಿ ಸಿಗುವಲ್ಲಿ ತೂಗುಹಾಕಬೇಕು. ಬೇರು ಒಣಗಿದ ಮೇಲಷ್ಟೇ ಮತ್ತೆ ನೀರು. ಬೇರು ಕದಲಿದರೆ ಒಂದೆರಡು ವರ್ಷ ಹೂವೇ ಬಿಡದಿರಬಹುದು. ಇಲ್ಲಿ ನಮ್ಮ ಅತಿಯಾದ ಉಪಚಾರವೇ ಹಿಂಸೆ. ಅದರ ಸ್ವಭಾವವನ್ನು ಅರಿತು ನಡೆಯುವುದೇ ಪ್ರೀತಿ.

ಇದರ ಧೂಳಿನಂಥ ಬೀಜದಲ್ಲಿ ಮೊಳಕೆಗೆ ಬೇಕಾದ ಬುತ್ತಿಯಿಲ್ಲ. ಕಾಡಿನಲ್ಲಿ ತಕ್ಕ ಶಿಲೀಂಧ್ರದ ನೆರವು ಸಿಕ್ಕರೆ ಮಾತ್ರ ಅದು ಮೊಳೆಯುತ್ತದೆ; ಹೂ ಬಿಡಲು ಮತ್ತೆ ವರ್ಷಗಳು ಬೇಕು. 1975ರಲ್ಲಿ ಜಾರಿಗೆ ಬಂದ ಸೈಟಿಸ್ ಒಪ್ಪಂದವು ಇಡೀ ಆರ್ಕಿಡ್ ಕುಟುಂಬದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಣಕ್ಕೆ ಒಳಪಡಿಸಿದೆ.

'ರಸ್ತೆಗೆಂದು ಮರಗಳನ್ನೇ ಉರುಳಿಸುವಾಗ ನಮ್ಮ ಒಂದು ಗಿಡ ಯಾವ ಲೆಕ್ಕ?' ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ನೋವಿದೆ, ನಿಜ. ಆದರೆ ಇನ್ನೊಬ್ಬರ ದೊಡ್ಡ ತಪ್ಪು ನಮ್ಮ ಸಣ್ಣ ತಪ್ಪಿಗೆ ಪರವಾನಗಿಯಾಗದು.

ಪ್ರಯೋಗಾಲಯದಲ್ಲಿ ಬೀಜದಿಂದ ಬೆಳೆಸಿದ ಸಸಿಗಳು ನರ್ಸರಿಗಳಲ್ಲಿ ಸಿಗುತ್ತವೆ. ಕೊಳ್ಳುವ ಮುನ್ನ ಸಸಿ ಎಲ್ಲಿಂದ ಬಂತೆಂದು ಕೇಳೋಣ. ತಂದ ಮೇಲೆ ಕಾಯೋಣ. ಹೂವು ಅರಳುವ ಗಳಿಗೆ ನಮ್ಮ ಕೈಯಲ್ಲಿಲ್ಲ. ಕಾಡಿನ ಪಾಲನ್ನು ಕಸಿಯದಿರುವುದು ಮಾತ್ರ ನಮ್ಮ ಕೈಯಲ್ಲೇ ಇದೆ.